ಗೋಡೆಯ ಮೇಲೆ ಇನ್ನೊಂದು ಚೈತ್ರ: ರಾಷ್ಟ್ರೀಯ ಕ್ಯಾಲೆಂಡರನ್ನು ಮನೆಯ ಬಳಕೆಗೆ ತರುವ ಬಗೆ

ಭಾರತಕ್ಕೆ ತನ್ನದೇ ಆದ ಅಧಿಕೃತ ಕ್ಯಾಲೆಂಡರ್ ಒಂದಿದೆ. 1957ರ ಮಾರ್ಚ್ 22ರಂದು, ಅಂದರೆ ಶಕ 1879ರ ಚೈತ್ರ 1ರಂದು, ಅದು ಜಾರಿಗೆ ಬಂತು. ಕೇಂದ್ರ ಸರ್ಕಾರದ ಗೆಜೆಟ್, ಆಕಾಶವಾಣಿಯ ಪ್ರಸಾರ, ಸರ್ಕಾರ ಅಚ್ಚು ಹಾಕಿಸುವ ಕ್ಯಾಲೆಂಡರ್, ಸಾರ್ವಜನಿಕರಿಗೆ ಬರೆಯುವ ಸರ್ಕಾರಿ ಪತ್ರ ಇವುಗಳಲ್ಲಿ ಇಂಗ್ಲಿಷ್ ತಾರೀಖಿನ ಜೊತೆಗೆ ಇದರ ದಿನಾಂಕವೂ ಇರಬೇಕೆಂದು ಆಗಲೇ ತೀರ್ಮಾನವಾಯಿತು. ಇಷ್ಟಾದರೂ, ರಾಷ್ಟ್ರೀಯ ಕ್ಯಾಲೆಂಡರಿನ ಪ್ರಕಾರ ಇವತ್ತು ಯಾವ ತಿಂಗಳ ಎಷ್ಟನೆಯ ದಿನ ಎಂದು ನಮ್ಮ ಓಣಿಯಲ್ಲಿ ಕೇಳಿದರೆ ಉತ್ತರ ಸಿಗುವುದಿಲ್ಲ.

ನಾನು ರಾಣೆಬೆನ್ನೂರಿನವಳು. ಪ್ರೌಢಶಾಲೆಯಲ್ಲಿ ಗಣಿತ ಕಲಿಸಿ ನಿವೃತ್ತಳಾಗಿದ್ದೇನೆ. ಈ ಕ್ಯಾಲೆಂಡರಿನ ಲೆಕ್ಕ ಎಷ್ಟು ಚೊಕ್ಕವಾಗಿದೆಯೆಂದರೆ, ಹನ್ನೆರಡು ವರ್ಷದ ಮಗುವಿಗೆ ಒಂದು ಮಧ್ಯಾಹ್ನದಲ್ಲಿ ಹೇಳಿಕೊಡಬಹುದು. ಶಾಲೆಯಲ್ಲಿ ಮಕ್ಕಳಿಗೆ, ಆಮೇಲೆ ಮನೆಯಲ್ಲಿ, ಓಣಿಯ ಗೆಳತಿಯರಿಗೆ ಇದನ್ನು ಹೇಳಿಕೊಡುತ್ತ ಬಂದಿದ್ದೇನೆ. ಲೆಕ್ಕಕ್ಕೆ ಯಾರೂ ಅಂಜುವುದಿಲ್ಲ. ‘ಹಾಗಾದರೆ ನಮ್ಮ ಹಬ್ಬ ಹುಣ್ಣಿಮೆಗಳ ಗತಿಯೇನು?’ ಎಂಬ ಪ್ರಶ್ನೆ ಮಾತ್ರ ಪ್ರತಿ ಸಲವೂ ಬರುತ್ತದೆ. ಆ ಪ್ರಶ್ನೆಗೆ ಉತ್ತರ ಕೊಡದೆ ಹನ್ನೆರಡು ತಾರೀಖುಗಳನ್ನು ಬಾಯಿಪಾಠ ಮಾಡಿಸಿದರೆ ಅದು ವಾರದೊಳಗೆ ಮರೆತುಹೋಗುತ್ತದೆ. ಹಾಗಾಗಿ ಕಲಿಯುವ ಕ್ರಮವನ್ನೇ ಸ್ವಲ್ಪ ತಿರುಗಿಸಿದ್ದೇನೆ.

ಮೊದಲು ಒಂದು ಹಾಳೆ

ತಿಂಗಳುಗಳ ಹೆಸರಿಗೆ ಹೋಗುವ ಮುನ್ನ ಒಂದು ಹಾಳೆ ತೆಗೆದುಕೊಂಡು, ಮನೆಯ ಹಿರಿಯರನ್ನು ಪಕ್ಕದಲ್ಲಿ ಕೂರಿಸಿಕೊಂಡು, ಮನೆಯಲ್ಲಿ ಯಾವ ಕೆಲಸ ಯಾವ ಲೆಕ್ಕದಂತೆ ನಡೆಯುತ್ತದೆ ಎಂದು ಬರೆಯಿರಿ. ಇದನ್ನು ದಯವಿಟ್ಟು ಬಿಡಬೇಡಿ. ನಮ್ಮ ಮನೆಯ ಹಾಳೆ ಹೀಗಿದೆ. ಪಿಂಚಣಿ, ವಿದ್ಯುತ್ ಬಿಲ್, ಮೊಮ್ಮಗಳ ಪರೀಕ್ಷೆ ಇಂಗ್ಲಿಷ್ ತಾರೀಖಿನಂತೆ. ತೆರಿಗೆಯ ವರ್ಷ ಏಪ್ರಿಲಿಗೆ ಶುರು, ಶಾಲೆಯ ವರ್ಷ ಜೂನ್ ಹೊತ್ತಿಗೆ. ಸಂತೆ ವಾರದ ದಿನಕ್ಕೆ. ಮಾವನವರ ಪುಣ್ಯತಿಥಿ, ಸಂಕಷ್ಟಿ, ಕಾರಹುಣ್ಣಿಮೆ, ಮಣ್ಣೆತ್ತಿನ ಅಮಾವಾಸ್ಯೆ, ಶೀಗಿ ಹುಣ್ಣಿಮೆ, ಎಳ್ಳಮಾವಾಸ್ಯೆ ಎಲ್ಲವೂ ಚಂದ್ರನ ತಿಥಿಯಂತೆ. ಹೊಲದ ಬಿತ್ತನೆ ಮಳೆ ನಕ್ಷತ್ರದಂತೆ. ಮೊಹರಂ ಹಿಜರಿ ತಿಂಗಳಂತೆ. ಆ ಲೆಕ್ಕದಲ್ಲಿ ಅಧಿಕ ಮಾಸವಿಲ್ಲವಾದ್ದರಿಂದ ಅದು ವರ್ಷಕ್ಕೆ ಹನ್ನೊಂದು ದಿನದಂತೆ ಹಿಂದಕ್ಕೆ ಬರುತ್ತದೆ. ನಮ್ಮ ಕಡೆಯ ಹಳ್ಳಿಗಳಲ್ಲಿ ಅಲಾಯಿ ಕುಣಿಯುವವರಿಗೆ ಅದೂ ಊರಿನ ಲೆಕ್ಕವೇ.

ಹಾಳೆ ತುಂಬಿದಾಗ ಒಂದು ಸಂಗತಿ ಸ್ಪಷ್ಟವಾಗುತ್ತದೆ. ನಮ್ಮ ಜನ ಹೊಸ ಲೆಕ್ಕ ಕಲಿಯಲಾರದವರಲ್ಲ. ಐದಾರು ಕಾಲಗಣನೆಗಳನ್ನು ತಲೆಯಲ್ಲಿಟ್ಟುಕೊಂಡು ಒಂದಕ್ಕೊಂದು ಬೆರೆಸದೆ ಬಾಳುತ್ತಿದ್ದಾರೆ. ಪ್ರತಿಯೊಂದು ಲೆಕ್ಕಕ್ಕೂ ಒಂದು ಕೆಲಸ ಅಂಟಿಕೊಂಡಿದೆ: ಒಂದು ಸಾಲದ ಗಡುವು, ಒಂದು ಉಪವಾಸ, ಒಂದು ಬಿತ್ತನೆ. ಸುಧಾರಣೆ ಎಂದರೆ ಜನರಿಗೆ ಕೇಳಿಸುವುದು ಆ ಕೆಲಸವನ್ನು ಕಿತ್ತುಕೊಳ್ಳುವ ಮಾತು. ಭೌತವಿಜ್ಞಾನಿ ಮೇಘನಾದ ಸಹಾ ಅವರ ಅಧ್ಯಕ್ಷತೆಯ ಪಂಚಾಂಗ ಸುಧಾರಣಾ ಸಮಿತಿ 1952ರಲ್ಲಿ ಕೆಲಸ ಶುರು ಮಾಡಿದಾಗ ದೇಶದಲ್ಲಿ ಸುಮಾರು 30 ಬಗೆಯ ಪಂಚಾಂಗಗಳು ಚಾಲ್ತಿಯಲ್ಲಿದ್ದವು. ಮೂವತ್ತನ್ನೂ ತೂಗಿ ನೋಡಿ ಸಮಿತಿ 1955ರಲ್ಲಿ ವರದಿ ಕೊಟ್ಟಿತು. ಸಹಾ 1956ರ ಫೆಬ್ರವರಿಯಲ್ಲಿ ತೀರಿಕೊಂಡರು. ತಮ್ಮ ಸಮಿತಿಯ ಕ್ಯಾಲೆಂಡರ್ ಜಾರಿಯಾದುದನ್ನು ಅವರು ನೋಡಲಿಲ್ಲ. ಅವರ ಗಣಿತದಲ್ಲಿ ನಾನು ಕೊರತೆ ಕಾಣೆ. ಆದರೆ ಹೊಸ ಕ್ಯಾಲೆಂಡರಿಗೆ ಮನೆಯೊಳಗೆ ಮಾಡಲು ಯಾವ ಕೆಲಸವನ್ನೂ ಯಾರೂ ಹಚ್ಚಲಿಲ್ಲ.

ಹತ್ತು ದಿನಗಳ ಅಂತರದಲ್ಲಿ ಎರಡು ಸುಧಾರಣೆಗಳು

ಇದು ನನಗೆ ಮನದಟ್ಟಾದದ್ದು ನಾಣ್ಯದ ಕಥೆಯಿಂದ. ರಾಷ್ಟ್ರೀಯ ಕ್ಯಾಲೆಂಡರ್ ಬಂದ ಹತ್ತೇ ದಿನಕ್ಕೆ, 1957ರ ಏಪ್ರಿಲ್ 1ರಂದು, ದಶಮಾಂಶ ನಾಣ್ಯ ಪದ್ಧತಿಯೂ ಬಂತು. ಅಲ್ಲಿಯವರೆಗೆ ರೂಪಾಯಿಗೆ 16 ಆಣೆ, 64 ಪೈಸೆ, 192 ಪೈ. ಆಮೇಲೆ ರೂಪಾಯಿಗೆ 100 ನಯಾ ಪೈಸೆ. ಒಂದು ಆಣೆಗೆ ಆರೂಕಾಲು ಪೈಸೆ ಬರುವ ಈ ಬದಲಾವಣೆ, ತಿಂಗಳ ಹೆಸರು ಬದಲಿಸುವುದಕ್ಕಿಂತ ಎಷ್ಟೋ ತೊಡಕಿನದು. ಆದರೂ ನಾಣ್ಯ ಗೆದ್ದಿತು. 1964ರಲ್ಲಿ ‘ನಯಾ’ ಎಂಬ ಮಾತನ್ನೇ ಕೈಬಿಡುವಷ್ಟು ಅದು ಹಳೆಯದಾಯಿತು.

ಕಾರಣ ಹುಡುಕಿದರೆ ಎರಡು ಸಿಗುತ್ತವೆ. ಒಂದು, ಉಪ್ಪು ಕೊಳ್ಳಲು ಹೋದರೂ ಹೊಸ ನಾಣ್ಯ ಕೈಗೆ ಬರುತ್ತಿತ್ತು, ಹಳೆಯದು ನಿಧಾನವಾಗಿ ಚಲಾವಣೆಯಿಂದ ಹೋಗುತ್ತಿತ್ತು. ಎರಡನೆಯದು ಇನ್ನೂ ಮುಖ್ಯ. ಕಾಲು ರೂಪಾಯಿ, ಅರ್ಧ ರೂಪಾಯಿಗಳ ಬೆಲೆ ಅಲುಗಲಿಲ್ಲ. ನಾಲ್ಕಾಣೆ 25 ಪೈಸೆಯಾಗಿ, ಎಂಟಾಣೆ 50 ಪೈಸೆಯಾಗಿ ಉಳಿದವು; ಹೆಸರೂ ಹಾಗೆಯೇ ಉಳಿಯಿತು. 2011ರ ಜೂನ್ ಕೊನೆಗೆ 25 ಪೈಸೆಯ ಚಲಾವಣೆ ನಿಂತಾಗಲೂ ನಮ್ಮ ಸಂತೆಯಲ್ಲಿ ಅದನ್ನು ನಾಲ್ಕಾಣೆ ಎಂದೇ ಕರೆಯುತ್ತಿದ್ದರು. ಹಳೆಯ ಹೆಸರು ಹಳೆಯ ಬೆಲೆಗೇ ಅಂಟಿಕೊಂಡಿದ್ದರಿಂದ ಯಾರಿಗೂ ಮೋಸ ಹೋದಂತೆ ಅನ್ನಿಸಲಿಲ್ಲ. ಕ್ಯಾಲೆಂಡರಿನಲ್ಲಿ ಆದದ್ದು ಇದಕ್ಕೆ ವಿರುದ್ಧ. ಅಲ್ಲಿ ಹಳೆಯದನ್ನು ಯಾರೂ ಚಲಾವಣೆಯಿಂದ ತೆಗೆಯಲಿಲ್ಲ, ತೆಗೆಯುವುದು ಸಾಧ್ಯವೂ ಇರಲಿಲ್ಲ. ಆದರೆ ಚೈತ್ರ, ಶ್ರಾವಣ, ಕಾರ್ತಿಕ ಎಂಬ ಹಳೆಯ ಹೆಸರುಗಳನ್ನು ಎತ್ತಿ ಬೇರೆಯೇ ತಿಂಗಳುಗಳಿಗೆ ಇಟ್ಟರು.

ತೂಕ ಅಳತೆಯ ಸುಧಾರಣೆ ಇವೆರಡರ ನಡುವೆ ನಿಂತಿತು. ಅಂಗಡಿಯಲ್ಲಿ ಕಿಲೋ ಬಂತು. ಪಹಣಿಯಲ್ಲಿ ಇಂದಿಗೂ ಜಮೀನು ಎಕರೆ, ಗುಂಟೆಯಲ್ಲೇ ಇದೆ. ನಲವತ್ತು ಗುಂಟೆಗೆ ಎಕರೆ ಎಂಬ ಲೆಕ್ಕದ ಮೇಲೆ ಅಣ್ಣತಮ್ಮಂದಿರ ಪಾಲು ನಿಂತಿರುವಾಗ ಹೆಕ್ಟೇರನ್ನು ಯಾರು ಒಳಗೆ ಬಿಟ್ಟುಕೊಂಡಾರು?

ಬೇರೆ ದೇಶಗಳ ಕಥೆಯೂ ಇದೇ ದಿಕ್ಕಿನದು. ಫ್ರಾನ್ಸಿನ ಕ್ರಾಂತಿಕಾರಿಗಳು 1793ರಲ್ಲಿ ಹತ್ತು ದಿನದ ವಾರ ತಂದರು. ಏಳನೆಯ ದಿನ ಸಿಗುತ್ತಿದ್ದ ಬಿಡುವು ಹತ್ತನೆಯ ದಿನಕ್ಕೆ ಹೋಯಿತು. 1806ರ ಜನವರಿ 1ಕ್ಕೆ ಆ ಕ್ಯಾಲೆಂಡರ್ ರದ್ದಾಯಿತು. ಸೋವಿಯತ್ ಒಕ್ಕೂಟ 1929ರಲ್ಲಿ ಐದು ದಿನದ ವಾರ ತಂದು ಕಾರ್ಮಿಕರಿಗೆ ಬೇರೆ ಬೇರೆ ದಿನ ರಜೆ ಹಂಚಿತು; ಗಂಡನ ರಜೆ ಒಂದು ದಿನ, ಹೆಂಡತಿಯದು ಇನ್ನೊಂದು ದಿನ. 1940ಕ್ಕೆ ಏಳು ದಿನದ ವಾರ ಮರಳಿತು. ಬ್ರಿಟನ್ 1752ರಲ್ಲಿ ಸೆಪ್ಟೆಂಬರ್ 2ರ ಮರುದಿನವನ್ನು 14 ಎಂದು ಕರೆದು 11 ದಿನ ಬಿಟ್ಟಿತು. ವಾರ ಮಾತ್ರ ಕೆಡಲಿಲ್ಲ, ಬುಧವಾರದ ನಂತರ ಗುರುವಾರವೇ ಬಂತು. ಬಾಡಿಗೆ, ಸಾಲಗಳ ಗಡುವು ಹನ್ನೊಂದು ದಿನ ಮುಂಚೆ ಬೀಳದಂತೆ ಕಾನೂನಿನಲ್ಲಿಯೇ ಏರ್ಪಾಡು ಮಾಡಿದ್ದರು. ನಮ್ಮ ಹನ್ನೊಂದು ದಿನ ವಾಪಸು ಕೊಡಿ ಎಂದು ಜನ ದಂಗೆ ಎದ್ದರು ಎಂಬ ಕಥೆಗೆ ಗಟ್ಟಿ ಆಧಾರವಿಲ್ಲ. ಜನರ ಕೊಡುಕೊಳ್ಳುವಿಕೆಗೆ, ಕೂಡಿ ಕಳೆಯುವ ದಿನಕ್ಕೆ ಕೈ ಹಾಕದ ಬದಲಾವಣೆಯನ್ನು ಜನ ಹೆಚ್ಚು ರಂಪವಿಲ್ಲದೆ ಒಪ್ಪುತ್ತಾರೆಂದು ನನ್ನ ತಿಳಿವಳಿಕೆ.

ಹನ್ನೆರಡು ತಾರೀಖುಗಳು

ಈಗ ಲೆಕ್ಕ. ಈ ಕ್ಯಾಲೆಂಡರಿನಲ್ಲಿ ಚಂದ್ರನಿಲ್ಲ. ಇದು ಪೂರ್ತಿ ಸೂರ್ಯನದು. ಆದ್ದರಿಂದ, ಲೀಪ್ ವರ್ಷದ ಚೈತ್ರವೊಂದನ್ನು ಬಿಟ್ಟರೆ, ಪ್ರತಿ ತಿಂಗಳ ಒಂದನೆಯ ದಿನವೂ ಪ್ರತಿ ವರ್ಷ ಅದೇ ಇಂಗ್ಲಿಷ್ ತಾರೀಖಿಗೆ ಬರುತ್ತದೆ. ಗೋಡೆಯ ಕ್ಯಾಲೆಂಡರ್ ಇಳಿಸಿ, ಪೆನ್ಸಿಲ್ ಹಿಡಿದು, ಈ ತಾರೀಖುಗಳಿಗೆ ಸುತ್ತು ಹಾಕಿ.

ಚೈತ್ರ ಮಾರ್ಚ್ 22ಕ್ಕೆ, ವೈಶಾಖ ಏಪ್ರಿಲ್ 21ಕ್ಕೆ, ಜ್ಯೇಷ್ಠ ಮೇ 22ಕ್ಕೆ, ಆಷಾಢ ಜೂನ್ 22ಕ್ಕೆ. ಮುಂದಿನ ನಾಲ್ಕೂ 23ಕ್ಕೆ: ಶ್ರಾವಣ ಜುಲೈ 23, ಭಾದ್ರಪದ ಆಗಸ್ಟ್ 23, ಆಶ್ವಯುಜ ಸೆಪ್ಟೆಂಬರ್ 23, ಕಾರ್ತಿಕ ಅಕ್ಟೋಬರ್ 23. ಮಾರ್ಗಶಿರ ನವೆಂಬರ್ 22, ಪುಷ್ಯ ಡಿಸೆಂಬರ್ 22, ಮಾಘ ಜನವರಿ 21, ಫಾಲ್ಗುಣ ಫೆಬ್ರವರಿ 20. ಸರ್ಕಾರಿ ಕಾಗದದಲ್ಲಿ ಮಾರ್ಗಶಿರದ ಜಾಗದಲ್ಲಿ ಅಗ್ರಹಾಯಣ, ಪುಷ್ಯದ ಜಾಗದಲ್ಲಿ ಪೌಷ, ಭಾದ್ರಪದಕ್ಕೆ ಭಾದ್ರ ಎಂದು ಕಂಡರೆ ಗಾಬರಿಯಾಗಬೇಡಿ, ತಿಂಗಳು ಅದೇ.

ವೈಶಾಖದಿಂದ ಭಾದ್ರಪದದವರೆಗಿನ ಐದು ತಿಂಗಳಿಗೆ 31 ದಿನ, ಉಳಿದ ಏಳಕ್ಕೆ 30. ಮಕ್ಕಳು ಇಲ್ಲಿ ‘ಯಾಕೆ?’ ಎಂದು ಕೇಳಿಯೇ ಕೇಳುತ್ತಾರೆ, ಕೇಳಬೇಕು ಕೂಡ. ಜುಲೈ ಮೊದಲ ವಾರದ ಸುಮಾರಿಗೆ ಭೂಮಿ ಸೂರ್ಯನಿಂದ ಅತ್ಯಂತ ದೂರವಿದ್ದು ನಿಧಾನವಾಗಿ ಸಾಗುತ್ತದೆ. ಜನವರಿ ಆರಂಭದಲ್ಲಿ ಹತ್ತಿರವಿದ್ದು ವೇಗವಾಗಿ ಸಾಗುತ್ತದೆ. ಅದಕ್ಕೇ ಮಾರ್ಚಿನ ವಿಷುವದಿಂದ (ಹಗಲು ರಾತ್ರಿ ಸಮವಾಗುವ ದಿನ) ಸೆಪ್ಟೆಂಬರಿನ ವಿಷುವಕ್ಕೆ ಸುಮಾರು 186 ದಿನ, ಅಲ್ಲಿಂದ ಮರಳಿ ಮಾರ್ಚಿಗೆ ಸುಮಾರು 179. ಉದ್ದ ತಿಂಗಳುಗಳು ಉದ್ದ ಅರ್ಧದಲ್ಲೇ ಕೂತಿವೆ. ಜುಲೈ, ಆಗಸ್ಟ್ ಎರಡಕ್ಕೂ 31 ದಿನ ಕೊಟ್ಟು ಫೆಬ್ರವರಿಗೆ 28 ಉಳಿಸಿದ ಕ್ಯಾಲೆಂಡರಿಗೆ ಇಂಥ ಕಾರಣ ಹೇಳಲು ಬರುವುದಿಲ್ಲ. ಇದನ್ನು ಕಪ್ಪುಹಲಗೆಯ ಮೇಲೆ ತೋರಿಸಿದಾಗ ಹಿಂದಿನ ಬೆಂಚಿನ ಹುಡುಗರೂ ಮುಂದಕ್ಕೆ ಬಾಗಿ ನೋಡುತ್ತಿದ್ದರು.

ದಿನ ಕಂಡುಹಿಡಿಯಲು ನಾನು ಹೇಳಿಕೊಡುವ ಉಪಾಯ ಇದು. ಇಂಗ್ಲಿಷ್ ತಾರೀಖು ಆ ತಿಂಗಳ ಸುತ್ತು ಹಾಕಿದ ತಾರೀಖನ್ನು ದಾಟಿದ್ದರೆ, ಸುತ್ತಿನ ದಿನವನ್ನು ಒಂದು ಎಂದು ಹಿಡಿದು ಮುಂದಕ್ಕೆ ಎಣಿಸಿ. ಜನವರಿ 26 ಎಂದರೆ 21ರಿಂದ ಎಣಿಸಿ ಮಾಘ 6. ಕುವೆಂಪು ಅವರ ಜನ್ಮದಿನ ಡಿಸೆಂಬರ್ 29, ಅದು ಪುಷ್ಯ 8. ತಾರೀಖು ಇನ್ನೂ ಸುತ್ತಿಗೆ ಬಂದಿಲ್ಲವೆಂದರೆ ಹಿಂದಿನ ತಿಂಗಳು ನಡೆಯುತ್ತಿದೆ. ಆಗ ಇಂಗ್ಲಿಷ್ ತಾರೀಖಿಗೆ ಒಂದು ಸಣ್ಣ ಸಂಖ್ಯೆ ಕೂಡಿಸಿದರೆ ಮುಗಿಯಿತು. ಏಪ್ರಿಲ್, ಮೇ, ಜೂನ್, ಜನವರಿಗಳಲ್ಲಿ 10; ಜುಲೈ, ಆಗಸ್ಟ್, ಸೆಪ್ಟೆಂಬರ್, ನವೆಂಬರ್, ಡಿಸೆಂಬರ್, ಮಾರ್ಚ್‌ಗಳಲ್ಲಿ 9; ಅಕ್ಟೋಬರಿನಲ್ಲಿ 8; ಫೆಬ್ರವರಿಯಲ್ಲಿ 11. ಆಗಸ್ಟ್ 15ಕ್ಕೆ 9 ಕೂಡಿಸಿ, ಶ್ರಾವಣ 24. ವಿಶ್ವೇಶ್ವರಯ್ಯನವರ ಸೆಪ್ಟೆಂಬರ್ 15ಕ್ಕೆ 9 ಕೂಡಿಸಿ, ಭಾದ್ರಪದ 24. ಗಾಂಧಿ ಜಯಂತಿಯ ಅಕ್ಟೋಬರ್ 2ಕ್ಕೆ 8 ಕೂಡಿಸಿ, ಆಶ್ವಯುಜ 10. ರಾಜ್ಯೋತ್ಸವದ ನವೆಂಬರ್ 1ಕ್ಕೆ 9 ಕೂಡಿಸಿ, ಕಾರ್ತಿಕ 10. ಕೊನೆಯ ಎರಡು ಉತ್ತರಗಳೂ 10 ಆಗಿರುವುದು ನೆನಪಿಗೆ ಒಳ್ಳೆಯ ಗೂಟ.

ವರ್ಷಕ್ಕೆ, ಚೈತ್ರ 1ರಿಂದ ಡಿಸೆಂಬರ್ 31ರವರೆಗೆ ಇಂಗ್ಲಿಷ್ ವರ್ಷದಿಂದ 78 ಕಳೆಯಿರಿ; ಜನವರಿ 1ರಿಂದ ಫಾಲ್ಗುಣದ ಕೊನೆಯವರೆಗೆ 79. ಹಾಗಾಗಿ 2026ರ ಗಣರಾಜ್ಯೋತ್ಸವ ಶಕ 1947ರ ಮಾಘ 6. ಅದೇ ವರ್ಷದ ಸ್ವಾತಂತ್ರ್ಯೋತ್ಸವ ಶಕ 1948ರ ಶ್ರಾವಣ 24.

ಉತ್ತರ ಸರಿಯೋ ಎಂದು ನೋಡಲು ಭಾರತ ಸರ್ಕಾರದ ಗೆಜೆಟ್ಟಿನ ಯಾವುದಾದರೂ ಸಂಚಿಕೆಯ ಮೊದಲ ಪುಟ ತೆರೆಯಿರಿ. ವಾರ, ಇಂಗ್ಲಿಷ್ ತಾರೀಖು, ಆಮೇಲೆ ಒಂದು ಓರೆಗೆರೆ, ಗೆರೆಯ ಆಚೆ ಶಕ ದಿನಾಂಕ. ಮಕ್ಕಳು ತಾವೇ ಲೆಕ್ಕ ಹಾಕಿ ಆ ಗೆರೆಯ ಆಚೆಗೆ ಬೆರಳಿಟ್ಟು ಸರಿಯಾಗಿದೆ ಎಂದು ಕಂಡುಕೊಂಡಾಗ, ಇದು ಅಕ್ಕಾವರು ಹೇಳಿದ ಪಾಠವಷ್ಟೇ ಅಲ್ಲ, ದೇಶ ನಿಜಕ್ಕೂ ಬಳಸುವ ಲೆಕ್ಕ ಎಂಬ ನಂಬಿಕೆ ಬರುತ್ತದೆ. ಬ್ಯಾಂಕಿನ ಚೆಕ್ಕಿನ ಬಗ್ಗೆ ಹಲವರು ಕೇಳುತ್ತಾರೆ. ಹಿಂದಿಯಲ್ಲಿ ಶಕ ದಿನಾಂಕ ಬರೆದ ಚೆಕ್ಕು ಬೇರೆಲ್ಲ ಸರಿಯಿದ್ದರೆ ಸ್ವೀಕಾರಾರ್ಹ ಎಂದು ರಿಸರ್ವ್ ಬ್ಯಾಂಕ್ ಬ್ಯಾಂಕುಗಳಿಗೆ ಸೂಚನೆ ಕೊಟ್ಟಿದೆ. ಆದರೂ ಅಲ್ಲಿಂದ ಶುರು ಮಾಡಬೇಡಿ. ಕೌಂಟರಿನ ಹಿಂದೆ ಕೂತವರಿಗೆ ತೊಂದರೆ ಕೊಟ್ಟು ಯಾವ ಕ್ಯಾಲೆಂಡರಿಗೂ ಸ್ನೇಹಿತರನ್ನು ಸಂಪಾದಿಸಲಾಗದು.

ಎರಡು ಶ್ರಾವಣ

ಇಲ್ಲಿಯವರೆಗೆ ಸುಲಭ. ತೊಡಕಿನ ಜಾಗ ಇನ್ನು ಮುಂದಿದೆ. ನಮ್ಮ ಅತ್ತೆ ಶ್ರಾವಣ ಸೋಮವಾರ ಉಪವಾಸ ಹಿಡಿಯುವವರು. ಜುಲೈ 23ರ ಪಕ್ಕದಲ್ಲಿ ‘ಶ್ರಾವಣ 1’ ಎಂದು ನಾನು ಬರೆದಿದ್ದನ್ನು ನೋಡಿ, “ಹಾಗಾದರೆ ನಿಮ್ಮ ಸರ್ಕಾರದ ಶ್ರಾವಣಕ್ಕೆ ನಾನು ಯಾವ ಸೋಮವಾರ ಉಪವಾಸ ಮಾಡಲವ್ವಾ?” ಎಂದು ಕೇಳಿದರು. ರಾಷ್ಟ್ರೀಯ ಕ್ಯಾಲೆಂಡರಿನ ಬಗ್ಗೆ ಇದಕ್ಕಿಂತ ಸರಿಯಾದ ಪ್ರಶ್ನೆಯನ್ನು ನಾನು ಕೇಳಿಲ್ಲ.

ಪಂಚಾಂಗದ ತಿಂಗಳು ಅಮಾವಾಸ್ಯೆಯ ಮರುದಿನ ಹುಟ್ಟುತ್ತದೆ. ಹನ್ನೆರಡು ಚಾಂದ್ರಮಾಸ ಸೇರಿದರೆ ಸುಮಾರು 354 ದಿನ. ಸೌರವರ್ಷಕ್ಕೆ ಹನ್ನೊಂದು ದಿನ ಕಡಿಮೆ. ಎರಡೂವರೆ ಮೂರು ವರ್ಷಕ್ಕೊಮ್ಮೆ ಅಧಿಕ ಮಾಸ ಸೇರಿಸಿ ಅದನ್ನು ಸರಿದೂಗಿಸುತ್ತಾರೆ. 2025ರಲ್ಲಿ ಪಂಚಾಂಗದ ಶ್ರಾವಣ ಜುಲೈ 25ಕ್ಕೆ ಶುರುವಾಯಿತು, ಸರ್ಕಾರದ ಶ್ರಾವಣಕ್ಕಿಂತ ಎರಡೇ ದಿನ ತಡ. 2026ರಲ್ಲಿ ಅಧಿಕ ಜ್ಯೇಷ್ಠ ಬರುವುದರಿಂದ ಶ್ರಾವಣ ಆಗಸ್ಟ್ 13ಕ್ಕೆ ಹೋಗುತ್ತದೆ, ಮೂರು ವಾರದ ಅಂತರ. ಯುಗಾದಿಯೂ ಹಾಗೆಯೇ. 2023ರಲ್ಲಿ ಅದು ಮಾರ್ಚ್ 22ಕ್ಕೇ ಬಂದು ಎರಡು ಚೈತ್ರಗಳೂ ಒಂದೇ ದಿನ ಶುರುವಾದವು. 2024ರಲ್ಲಿ ಏಪ್ರಿಲ್ 9, 2025ರಲ್ಲಿ ಮಾರ್ಚ್ 30, 2026ರಲ್ಲಿ ಮಾರ್ಚ್ 19. ಗಣೇಶ ಚತುರ್ಥಿ 2025ರಲ್ಲಿ ರಾಷ್ಟ್ರೀಯ ಭಾದ್ರಪದ 5ಕ್ಕೆ ಬಂದರೆ 2026ರಲ್ಲಿ 23ಕ್ಕೆ.

ಆದ್ದರಿಂದ ಮನೆಯಲ್ಲಿ ಒಂದು ನಿಯಮ ಮಾಡಿಕೊಳ್ಳಿ. ರಾಷ್ಟ್ರೀಯ ತಿಂಗಳ ಹೆಸರನ್ನು ಬರಿದಾಗಿ ಎಂದೂ ಬರೆಯಬೇಡಿ. ನಾನು ‘ರಾ. ಶ್ರಾವಣ’, ‘ರಾ. ಚೈತ್ರ’ ಎಂದು ಬರೆಯುತ್ತೇನೆ, ಅದೂ ಹಸಿರು ಶಾಯಿಯಲ್ಲಿ ಮಾತ್ರ. ಬಾಯಲ್ಲಿ ಹೇಳುವಾಗಲೂ ‘ರಾಷ್ಟ್ರೀಯ ಶ್ರಾವಣ’ ಎಂದು ಪೂರ್ತಿ ಹೇಳುತ್ತೇನೆ. ಶ್ರಾವಣ ಎಂದಷ್ಟೇ ಹೇಳಿದರೆ ಅದು ಅತ್ತೆಯವರ ಶ್ರಾವಣ. ಆ ಹೆಸರಿನ ಮೇಲೆ ಅವರ ಹಕ್ಕು ಮೊದಲಿನದು, ಅದನ್ನು ಗೌರವಿಸಿದ ದಿನದಿಂದ ಹಸಿರು ಶಾಯಿಯ ಬಗ್ಗೆ ಮನೆಯಲ್ಲಿ ತಕರಾರಿಲ್ಲ.

ಮದುವೆಯ ಕರೆಯೋಲೆಯಲ್ಲಿ ‘ಶಾಲಿವಾಹನ ಶಕೆ 1948, ಪರಾಭವನಾಮ ಸಂವತ್ಸರ’ ಎಂದು ಇರುವ ವರ್ಷವೂ ಇದೇ ಶಕವರ್ಷ. ಆದರೆ ಅದು ಯುಗಾದಿಯಿಂದ ಯುಗಾದಿಗೆ ನಡೆಯುತ್ತದೆ, ರಾಷ್ಟ್ರೀಯ ಶಕ ಮಾರ್ಚ್ 22ರಿಂದ. ಕರೆಯೋಲೆಯಲ್ಲಿ ತಿಥಿಯನ್ನೇ ಬರೆಸಿ. ಅಲ್ಲಿ ರಾಷ್ಟ್ರೀಯ ದಿನಾಂಕಕ್ಕೆ ಕೆಲಸವಿಲ್ಲ.

ಬಿಸಿಲಿನ ಕೆಲಸ

ಹಾಗಾದರೆ ಅದಕ್ಕೆ ಕೆಲಸವೆಲ್ಲಿ? ಸೂರ್ಯನ ಕ್ಯಾಲೆಂಡರಿಗೆ ಸೂರ್ಯನ ಕೆಲಸವನ್ನೇ ಕೊಡಿ.

ಹುಣ್ಣಿಮೆ ಇವತ್ತೋ ನಾಳೆಯೋ ಎಂದು ಅನುಮಾನವಾದರೆ ಹಿರಿಯರು ಅಂಗಳಕ್ಕೆ ಬಂದು ಆಕಾಶ ನೋಡುತ್ತಾರೆ. ಪಂಚಾಂಗದ ಮೇಲಿನ ನಂಬಿಕೆಯ ಬೇರು ಅಲ್ಲಿದೆ: ಅದು ಹೇಳಿದ್ದು ಕಣ್ಣಿಗೆ ಕಾಣುತ್ತದೆ. ರಾಷ್ಟ್ರೀಯ ಕ್ಯಾಲೆಂಡರ್ ಹೇಳುವುದೂ ಕಣ್ಣಿಗೆ ಕಾಣುತ್ತದೆ, ಆದರೆ ಹಗಲಿನಲ್ಲಿ. ಮಾಳಿಗೆಯ ಮೇಲೆ ಒಂದು ಮೀಟರ್ ಉದ್ದದ ನೆಟ್ಟಗಿನ ಕೋಲನ್ನು ಮಣ್ಣು ತುಂಬಿದ ಡಬ್ಬಿಯಲ್ಲಿ ಊರಿ ನಿಲ್ಲಿಸಿ. ದಾರಕ್ಕೆ ಕಲ್ಲು ಕಟ್ಟಿ ಇಳಿಬಿಟ್ಟು ಕೋಲು ಓರೆಯಾಗಿಲ್ಲವೆಂದು ನೋಡಿಕೊಳ್ಳಿ. ನಮ್ಮ ಭಾಗದಲ್ಲಿ ಸೂರ್ಯ ನೆತ್ತಿಗೆ ಬರುವುದು ಗಡಿಯಾರದ ಹನ್ನೆರಡಕ್ಕಲ್ಲ, ಸುಮಾರು ಹನ್ನೆರಡೂವರೆಗೆ. ಭಾರತದ ಗಡಿಯಾರ ನಡೆಯುವುದು ನಮಗಿಂತ ಪೂರ್ವದ 82½ ಡಿಗ್ರಿ ರೇಖಾಂಶದಂತೆ. ಹನ್ನೆರಡೂಕಾಲಿನಿಂದ ಮುಕ್ಕಾಲಿನವರೆಗೆ ಐದೈದು ನಿಮಿಷಕ್ಕೆ ನೆರಳಿನ ತುದಿಗೆ ಸುಣ್ಣದ ಚುಕ್ಕೆ ಇಡಿ. ಎಲ್ಲಕ್ಕಿಂತ ಗಿಡ್ಡ ನೆರಳೇ ಆ ದಿನದ ನೆರಳು.

ಈ ಕೆಲಸವನ್ನು ರಾ. ಚೈತ್ರ 1, ಆಷಾಢ 1, ಆಶ್ವಯುಜ 1, ಪುಷ್ಯ 1 ಈ ನಾಲ್ಕು ದಿನಗಳಲ್ಲಿ ಮಾಡಿ. ಎರಡು ವಿಷುವಗಳು, ಎರಡು ಅಯನಗಳು (ಸೂರ್ಯ ಉತ್ತರಕ್ಕೋ ದಕ್ಷಿಣಕ್ಕೋ ತಿರುಗುವ ದಿನಗಳು) ಈ ದಿನಗಳ ಮಗ್ಗುಲಲ್ಲೇ ಬರುತ್ತವೆ. ಸಮಿತಿ ಕ್ಯಾಲೆಂಡರನ್ನು ಕೂರಿಸಿದ್ದೇ ಹಾಗೆ. ರಾಣೆಬೆನ್ನೂರಿನಲ್ಲಿ ಪುಷ್ಯ 1ರ ನೆರಳು ಉತ್ತರಕ್ಕೆ ಸುಮಾರು 78 ಸೆಂಟಿಮೀಟರ್ ಚಾಚುತ್ತದೆ. ಚೈತ್ರ 1ಕ್ಕೆ ಅದು 25ಕ್ಕೆ ಇಳಿಯುತ್ತದೆ. ಆಷಾಢ 1ಕ್ಕೆ ನೆರಳು ಕೋಲಿನ ಇನ್ನೊಂದು ಬದಿಗೆ, ದಕ್ಷಿಣಕ್ಕೆ ತಿರುಗಿ 15 ಸೆಂಟಿಮೀಟರ್ ಬೀಳುತ್ತದೆ (ಮೋಡವಿಲ್ಲದಿದ್ದರೆ, ಆ ಹೊತ್ತಿಗೆ ಮಳೆ ಹಿಡಿದಿರುತ್ತದೆ, ಬಿಸಿಲು ಕಂಡ ಆಸುಪಾಸಿನ ದಿನ ಅಳೆದರೂ ನಡೆಯುತ್ತದೆ). ಬೆಂಗಳೂರಿನವರಾದರೆ ಏಪ್ರಿಲ್ 24ಕ್ಕೆ, ಅಂದರೆ ರಾ. ವೈಶಾಖ 4ಕ್ಕೆ, ನೆರಳು ಪೂರ್ತಿ ಕೋಲಿನ ಬುಡಕ್ಕೆ ಸೇರುವುದನ್ನೂ ನೋಡಿ. ನೆರಳು ದಿಕ್ಕು ಬದಲಿಸುವುದನ್ನು ಕಂಡ ಮಗುವಿಗೆ ದಕ್ಷಿಣಾಯನ ಎಂದರೇನು ಎಂದು ಮತ್ತೆ ಹೇಳಬೇಕಾಗಿಲ್ಲ.

ಇದೇ ಕೋಲು ಇನ್ನೊಂದು ನಿಜವನ್ನೂ ತೋರಿಸುತ್ತದೆ. ಅತಿ ಉದ್ದದ ನೆರಳು ಡಿಸೆಂಬರ್ 21, 22ಕ್ಕೆ. ನಾವು ಉತ್ತರಾಯಣವೆಂದು ಎಳ್ಳುಬೆಲ್ಲ ಹಂಚುವುದು ಜನವರಿ 14, 15ಕ್ಕೆ. ಸುಮಾರು 1,700 ವರ್ಷಗಳ ಹಿಂದೆ ಇವೆರಡೂ ಕೂಡಿ ಬರುತ್ತಿದ್ದವು. ಸಂಕ್ರಾಂತಿ ನಕ್ಷತ್ರಗಳನ್ನು ಹಿಡಿದು ನಡೆಯುತ್ತದೆ, ಋತು ಸೂರ್ಯನ ಅಯನವನ್ನು ಹಿಡಿದು ನಡೆಯುತ್ತದೆ, ಎರಡರ ನಡುವೆ ಎಪ್ಪತ್ತು ವರ್ಷಕ್ಕೊಂದು ದಿನದಂತೆ ಅಂತರ ಬೆಳೆಯುತ್ತಿದೆ. ಸ್ವಾಮಿ ವಿವೇಕಾನಂದರು ಹುಟ್ಟಿದ 1863ರ ಜನವರಿ 12 ಆ ವರ್ಷದ ಮಕರ ಸಂಕ್ರಾಂತಿಯೇ ಆಗಿತ್ತು. ಲೀಪ್ ವರ್ಷಗಳ ಏರುಪೇರನ್ನು ಬದಿಗಿಟ್ಟರೂ ದಿಕ್ಕು ಮುಂದಕ್ಕೇ. ಇದನ್ನು ಸರಿಪಡಿಸುವುದು ಸಹಾ ಸಮಿತಿಯ ದೊಡ್ಡ ಕಾಳಜಿಯಾಗಿತ್ತು. ಹಾಗೆಂದು ಮನೆಯಲ್ಲಿ ಯಾರಿಗೂ ‘ನಿಮ್ಮ ಸಂಕ್ರಾಂತಿ ತಪ್ಪು’ ಎನ್ನಬೇಡಿ. ಅದು ತಪ್ಪಲ್ಲ, ಅದು ಬೇರೆಯದನ್ನು ಅಳೆಯುತ್ತಿದೆ. ನೆರಳನ್ನು ತೋರಿಸಿ, ಎಳ್ಳುಬೆಲ್ಲವನ್ನು ಜನವರಿಯಲ್ಲೇ ತಿನ್ನಿ.

ಹೊಲವಿರುವವರಿಗೆ ಇನ್ನೊಂದು ಕೊಂಡಿ ಇದೆ, ನನಗೆ ಅದು ಎಲ್ಲಕ್ಕಿಂತ ಪ್ರಿಯ. ಮಳೆ ನಕ್ಷತ್ರಗಳೂ ಸೂರ್ಯನ ಲೆಕ್ಕವೇ. ಸೂರ್ಯ ಒಂದೊಂದು ನಕ್ಷತ್ರದಲ್ಲಿ ಹದಿಮೂರು ಹದಿನಾಲ್ಕು ದಿನ ಇರುತ್ತಾನೆ. ಆದ್ದರಿಂದ ಅವು ರಾಷ್ಟ್ರೀಯ ದಿನಾಂಕದ ಜೊತೆ ವರ್ಷ ವರ್ಷವೂ ಹೊಂದುತ್ತವೆ, ಒಂದು ದಿನ ಹಿಂದೆಮುಂದೆ ಆದೀತು ಅಷ್ಟೆ. ರೋಹಿಣಿ ಮಳೆ ರಾ. ಜ್ಯೇಷ್ಠ 4ಕ್ಕೆ, ಮೃಗಶಿರಾ ರಾ. ಜ್ಯೇಷ್ಠ 18ಕ್ಕೆ, ಆರಿದ್ರಾ ರಾ. ಆಷಾಢ 1ಕ್ಕೇ. ‘ಆದರೆ ಆರಿದ್ರ, ಇಲ್ಲದಿದ್ದರೆ ದರಿದ್ರ’ ಎಂದು ಹೇಳುತ್ತಲೇ ಬೆಳೆದವರಿಗೆ ಆಷಾಢ 1 ಮರೆಯುವ ಮಾತೇ ಇಲ್ಲ. ನಮ್ಮ ಹೊಲ ನೋಡಿಕೊಳ್ಳುವ ಮೈದುನ ತಿಂಗಳುಗಳ ಪಟ್ಟಿಯನ್ನು ಕೈಯಲ್ಲಿ ಹಿಡಿದು ನೋಡಿ ಮಡಚಿಟ್ಟಿದ್ದ. ಮಳೆಯ ಹೆಸರುಗಳ ಎದುರು ಈ ದಿನಾಂಕ ಬರೆದುಕೊಟ್ಟ ಮೇಲೆ, ಬಿತ್ತಿದ ದಿನ, ಎಡೆ ಹೊಡೆದ ದಿನ, ಗೊಬ್ಬರ ಹಾಕಿದ ದಿನಗಳನ್ನು ಅವನೇ ಹಸಿರು ಶಾಯಿಯಲ್ಲಿ ಬರೆಯತೊಡಗಿದ. ಚಾಂದ್ರಮಾಸದಲ್ಲಿ ಬರೆದಿಟ್ಟರೆ ಈ ವರ್ಷದ ಬಿತ್ತನೆಯನ್ನು ಹೋದ ವರ್ಷದ್ದಕ್ಕೆ ಹೋಲಿಸುವಾಗ ಇಪ್ಪತ್ತು ದಿನದ ವ್ಯತ್ಯಾಸ ನುಸುಳಬಹುದು. ಇದರಲ್ಲಿ ಆ ಭಯವಿಲ್ಲ. ಮಾವು ಹೂ ಬಿಟ್ಟದ್ದು, ಬಾವಿಯ ನೀರು ಇಳಿದದ್ದು, ಮೊದಲ ಮಳೆಗೆ ಮಣ್ಣು ನೆನೆದದ್ದು ಇವೆಲ್ಲಕ್ಕೂ ಇದು ಒಳ್ಳೆಯ ಲೆಕ್ಕ. ಇಂಗ್ಲಿಷ್ ತಾರೀಖಿನಿಂದಲೂ ಇದು ಸಾಧ್ಯ, ನಿಜ. ಆದರೆ ಜೂನ್ 22 ಎಂಬ ಅಂಕಿಗೆ ಬಿಸಿಲಿನ ಬಗ್ಗೆ ಏನೂ ಗೊತ್ತಿಲ್ಲ. ಆಷಾಢ 1 ಎಂದರೆ ಸೂರ್ಯ ತಿರುಗಿ ನಿಂತ ದಿನ.

ಬಾದಾಮಿಗೆ ಹೋದಾಗ

ಶಕವರ್ಷ ಕಲಿತವರಿಗೆ ಇನ್ನೊಂದು ಲಾಭವಿದೆ. ನಮ್ಮ ಶಾಸನಗಳು ಮಾತನಾಡುವುದು ಈ ಅಂಕಿಯಲ್ಲಿ. ಬಾದಾಮಿಯ ಬಂಡೆಯ ಮೇಲೆ ಒಂದನೆಯ ಪುಲಕೇಶಿ ಕೋಟೆ ಕಟ್ಟಿಸಿದ್ದಕ್ಕೆ ಶಕ 465, ಅಂದರೆ 543. ಮೂರನೆಯ ಗುಹೆಯಲ್ಲಿ ಮಂಗಳೇಶನ ಶಾಸನದ್ದು ಶಕ 500, ಅಂದರೆ 578. ಐಹೊಳೆಯ ಮೇಗುತಿಯಲ್ಲಿ ರವಿಕೀರ್ತಿ ಬರೆದುದು ಶಕ 556, ಅಂದರೆ 634. ಎಲ್ಲ ಕಡೆ 78 ಕೂಡಿಸಿದರಾಯಿತು. ಎಚ್ಚರ ಒಂದೇ: ತಿಂಗಳು, ದಿನಗಳಿಗೆ ಮೇಲೆ ಹೇಳಿದ ಸೂತ್ರವನ್ನು ಶಾಸನಗಳಿಗೆ ಹಚ್ಚಬೇಡಿ. ಅವು ಪಂಚಾಂಗದ ತಿಂಗಳುಗಳು. ಮಾರ್ಚ್ 22ರ ಚೈತ್ರ ಹುಟ್ಟಿದ್ದು 1957ರಲ್ಲಿ.

ಲೀಪ್ ವರ್ಷ ಬಂದರೆ

ಶಕವರ್ಷಕ್ಕೆ 78 ಕೂಡಿಸಿ. ಬಂದ ಇಂಗ್ಲಿಷ್ ವರ್ಷ ಲೀಪ್ ಆಗಿದ್ದರೆ ಆ ಶಕವರ್ಷವೂ ಲೀಪ್. ಶಕ 1946 ಹಾಗಿತ್ತು, ಏಕೆಂದರೆ ಅದು 2024. ಮುಂದಿನದು ಶಕ 1950, ಅಂದರೆ 2028. ಆ ವರ್ಷ ಫೆಬ್ರವರಿಗೆ 29 ದಿನವಿರುವುದರಿಂದ ಮಾರ್ಚ್ ಮೊದಲ ಇಪ್ಪತ್ತು ದಿನಕ್ಕೆ 9ರ ಬದಲು 10 ಕೂಡಿಸಿ. ಚೈತ್ರ 1 ಮಾರ್ಚ್ 21ಕ್ಕೇ ಬರುತ್ತದೆ, ಚೈತ್ರಕ್ಕೆ 31 ದಿನ ಇರುತ್ತದೆ, ಏಪ್ರಿಲ್ 20ರವರೆಗೆ 10ರ ಬದಲು 11 ಕೂಡಿಸಬೇಕು. ಏಪ್ರಿಲ್ 21ರ ವೈಶಾಖ 1ರಿಂದ ಎಲ್ಲವೂ ಎಂದಿನಂತೆ. ಗೋಡೆಯ ಮೇಲೆ ಚೈತ್ರದ ಸುತ್ತನ್ನು ಒಂದು ಮನೆ ಹಿಂದಕ್ಕೆ ಹಾಕುವುದನ್ನು ಮರೆಯಬೇಡಿ.